ಶಾಲೆಯ ನರ್ಸ್‌ಗೆ ಸಲ್ಲಬೇಕಾದ ಗೌರವ

ಮಕ್ಕಳೊಡನೆ ಅಮೆರಿಕಕ್ಕೆ ಬಂದು ನೆಲೆಸುವ ಕನ್ನಡಿಗರಿಗೆ ಅನೇಕ ಶಾಲೆಗಳಲ್ಲಿ ಎದುರಾಗುವ ಹೊಸ ವ್ಯಕ್ತಿಯೆಂದರೆ ಅಲ್ಲಿನ ನರ್ಸ್. ಈ ಹುದ್ದೆಗೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. 1902ರಲ್ಲಿ ನ್ಯೂಯಾರ್ಕಿನ ನಾಲ್ಕು ಶಾಲೆಗಳಿಗೆ ಲೀನಾ ರಾಜರ್ಸ್ ಎಂಬ ನರ್ಸ್ ಪ್ರಾಯೋಗಿಕವಾಗಿ ನೇಮಕಗೊಂಡರು. ಅದುವರೆಗೆ ಕಣ್ಣಿನ ಸೋಂಕು, ಚರ್ಮರೋಗಗಳಿದ್ದ ಮಕ್ಕಳನ್ನು ಮನೆಗೆ ಕಳುಹಿಸಿ ಕೈತೊಳೆದುಕೊಳ್ಳಲಾಗುತ್ತಿತ್ತು. ಆಕೆ ಮಕ್ಕಳಿಗೆ ಶುಶ್ರೂಷೆ ಮಾಡಿ, ಮನೆಮನೆಗೆ ಹೋಗಿ ತಾಯಂದಿರಿಗೆ ತಿಳಿಹೇಳಿದರು. ಗೈರುಹಾಜರಿ ಇಳಿಯಿತು, ಇನ್ನಷ್ಟು ನರ್ಸ್‌ಗಳ ನೇಮಕವಾಯಿತು.

ಆದರೂ ಈ ಕೆಲಸವನ್ನು ಹಗುರವಾಗಿ ಕಾಣುವವರು ನರ್ಸ್‌ಗಳಲ್ಲಿಯೇ ಇದ್ದಾರೆ. ಗಾಯಕ್ಕೆ ಪಟ್ಟಿ ಅಂಟಿಸುವ ಕೆಲಸವೆಂದು ಆಸ್ಪತ್ರೆಯವರು ನಗುವುದನ್ನು ಕೇಳಿದ್ದೇನೆ. ತೀವ್ರ ನಿಗಾ ಘಟಕದ ನರ್ಸ್‌ಗೆ ಕರೆದಾಕ್ಷಣ ವೈದ್ಯರು ದೊರೆಯುತ್ತಾರೆ. ಶಾಲೆಯ ನರ್ಸ್ ಬಹುಮಟ್ಟಿಗೆ ಏಕಾಂಗಿ. ಒಂದು ಮಗುವಿಗೆ ಊಟಕ್ಕೆ ಮೊದಲು ಇನ್ಸುಲಿನ್, ಇನ್ನೊಂದಕ್ಕೆ ಅಪಸ್ಮಾರ, ಮತ್ತೊಂದಕ್ಕೆ ಕಡಲೆಕಾಯಿಯ ಅಲರ್ಜಿ. ಉಸಿರು ಕಟ್ಟಿದಾಗ ಎಪಿನೆಫ್ರಿನ್ ಚುಚ್ಚುವ ನಿರ್ಧಾರ ಕ್ಷಣಾರ್ಧದಲ್ಲಿ ಆಗಬೇಕು. ಚಿಕಿತ್ಸಾಲಯದ ನರ್ಸ್ ಆಕೆಯ ದೂರವಾಣಿ ಕರೆಗೆ ಸರಿಸಮಾನಳೆಂದು ಉತ್ತರಿಸಿದರೆ ಅದರ ಲಾಭ ಮಗುವಿಗೆ. ಅಸಡ್ಡೆ ತೋರಿದರೆ ನಷ್ಟವೂ ಮಗುವಿಗೇ.

ಇನ್ನು ಪೋಷಕರ ಸಿಟ್ಟು. ನನ್ನಲ್ಲಿಗೆ ಬರುವ, ಆಸ್ತಮಾ ಇರುವ ಬಾಲಕನೊಬ್ಬನ ತಂದೆ ಊರಿನಿಂದ ತಂದ ಸಿರಪ್ಪನ್ನು ಶಾಲೆಯಲ್ಲಿ ಕುಡಿಸಬೇಕೆಂದು ಹಟ ಹಿಡಿದರು. ವೈದ್ಯರ ಲಿಖಿತ ಆದೇಶವಿಲ್ಲದೆ ಸಾಧ್ಯವಿಲ್ಲವೆಂದಾಗ, “ನೀವು ಬರೀ ನರ್ಸ್, ನನ್ನ ಮಗನ ವಿಷಯ ನಿಮಗೇನು ಗೊತ್ತು?” ಎಂದು ಗದರಿದರು. ಆಕೆ ಕುರ್ಚಿ ತೋರಿಸಿ, “ರಾತ್ರಿ ಮಗು ನಿದ್ದೆ ಮಾಡಿತೇ?” ಎಂದು ಕೇಳಿದರು. ತಂದೆಯ ದನಿ ಇಳಿಯಿತು. ಎರಡು ರಾತ್ರಿಗಳಿಂದ ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಆಕೆ ನಮಗೆ ಕರೆ ಮಾಡಿದರು. ಅಂದೇ ಮಗುವನ್ನು ಪರೀಕ್ಷಿಸಿ ಇನ್ಹೇಲರಿನ ಆದೇಶ ಕಳುಹಿಸಿದೆವು.

ಕೋಪದ ಹಿಂದೆ ಅನೇಕ ವೇಳೆ ಭಯವಿರುತ್ತದೆ ಎಂಬುದನ್ನು ಆಕೆ ಬಲ್ಲರು. ಆದರೆ ಸಿರಪ್ಪನ್ನು ಕುಡಿಸಲಿಲ್ಲ. ತಾಳ್ಮೆಯೆಂದರೆ ನಿಯಮವನ್ನು ಸಡಿಲಿಸುವುದಲ್ಲ. ಆದೇಶವಿಲ್ಲದೆ ಔಷಧ ಕೊಟ್ಟರೆ ಆಕೆಯ ಪರವಾನಗಿಗೇ ಕುತ್ತು. ನಿಂದನೆ ಮಿತಿಮೀರಿದರೆ ಮಾತು ನಿಲ್ಲಿಸಿ ಪ್ರಾಂಶುಪಾಲರನ್ನು ಕರೆಯುವುದೂ ವೃತ್ತಿಧರ್ಮವೇ.

ಹೊಸದಾಗಿ ಬರುವವರು ಕೆಲವನ್ನು ನೆನಪಿಡಬೇಕು. ವೈದ್ಯರೂ ಪೋಷಕರೂ ಸಹಿ ಮಾಡಿದ ಪತ್ರದೊಡನೆ, ಔಷಧವನ್ನು ಅಂಗಡಿಯ ಚೀಟಿಯಿರುವ ಮೂಲ ಡಬ್ಬಿಯಲ್ಲಿಯೇ ಕೊಡಿ. ಜ್ವರದ ಮಗುವಿಗೆ ಪ್ಯಾರಾಸಿಟಮಾಲ್ ಕುಡಿಸಿ ಶಾಲೆಗೆ ಕಳುಹಿಸಬೇಡಿ. ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿರಬೇಕೆಂಬುದು ಇಲ್ಲಿ ಸಾಮಾನ್ಯ ನಿಯಮ. ಹುಟ್ಟುಹಬ್ಬಕ್ಕೆಂದು ತರಗತಿಯಲ್ಲಿ ಕಡಲೆಕಾಯಿ ಚಿಕ್ಕಿ ಹಂಚುವ ಮುನ್ನ ಶಾಲೆಯವರನ್ನು ಕೇಳಿ.

ಎಲ್ಲಕ್ಕಿಂತ ಮೊದಲು, ಶಾಲೆ ಆರಂಭವಾದ ವಾರದಲ್ಲಿಯೇ ಹೋಗಿ ಆ ನರ್ಸನ್ನು ಪರಿಚಯ ಮಾಡಿಕೊಳ್ಳಿ. ನೀವು ಕಚೇರಿಯಲ್ಲಿರುವಾಗ ಮಗುವಿನ ಉಸಿರನ್ನು ಕಾಯುವವರು ಅವರೇ.