ತೋಟದ ತಿರುವಿನಲ್ಲಿ ಆನೆ: ಎದುರಾದ ಮೇಲಲ್ಲ, ಮೊದಲೇ ಗೊತ್ತಾಗಬೇಕು

ಸಕಲೇಶಪುರ, ಆಲೂರು ಕಡೆಯಲ್ಲಿ ಕಾಡಾನೆ ತುಳಿತಕ್ಕೆ ಯಾರಾದರೂ ಬಲಿಯಾದ ಸುದ್ದಿ ಬಂದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ಆನೆ ಎದುರಾದರೆ ಏನು ಮಾಡಬೇಕು? ಓಡಬೇಕೇ, ಅಲುಗಾಡದೆ ನಿಲ್ಲಬೇಕೇ, ಇಳಿಜಾರಿಗೆ ಇಳಿಯಬೇಕೇ? ಪ್ರಶ್ನೆ ಸಹಜವೇ. ಆದರೆ ಅದಕ್ಕೆ ಉತ್ತರ ಹುಡುಕುವಷ್ಟು ಹೊತ್ತು ದಾರಿಯಲ್ಲಿ ಹೋಗುವವನಿಗೆ ಸಿಗುವುದಿಲ್ಲ. ಜಾನ್ ಹಚಿನ್ಸನ್ ಮತ್ತು ಸಂಗಡಿಗರು ಥಾಯ್ಲೆಂಡಿನ ಆನೆಗಳ ನಡಿಗೆಯನ್ನು ವಿಡಿಯೋ ಮಾಡಿ ಅಳೆದು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ, ಏಷ್ಯಾದ ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಮುಟ್ಟಬಲ್ಲದು. ಅಂದರೆ ಇಪ್ಪತ್ತು ಮೀಟರ್ ದೂರ ಅದಕ್ಕೆ ಮೂರು ಸೆಕೆಂಡಿನ ಹಾದಿ. ಗಾಬರಿಬಿದ್ದ ಮನುಷ್ಯನಿಗೆ ತಿರುಗಿ ನಿಲ್ಲಲೂ ಅಷ್ಟು ಹೊತ್ತು ಸಾಲದು. ಹಾಗಾಗಿ ಜೀವ ಉಳಿಯುವುದೋ ಹೋಗುವುದೋ ಎಂಬುದು ಬಹುಪಾಲು ತೀರ್ಮಾನವಾಗುವುದು ಮನೆ ಬಿಡುವ ಮೊದಲೇ, ಮುಂದಿನ ತಿರುವಿನಲ್ಲಿ ಆನೆ ಇದೆಯೆಂದು ಗೊತ್ತಿದೆಯೇ ಇಲ್ಲವೇ ಎಂಬುದರ ಮೇಲೆ.

ಅಷ್ಟು ದೊಡ್ಡ ಪ್ರಾಣಿ ಹತ್ತಿರದಲ್ಲಿದ್ದರೆ ಗೊತ್ತಾಗದೇ ಇರುತ್ತದೆಯೇ ಎಂದು ಬಯಲುಸೀಮೆಯವರು ಕೇಳಬಹುದು. ಕಾಫಿತೋಟದ ದಾರಿಯನ್ನು ಬೆಳಗಿನ ಆರೂವರೆಯ ಮಂಜಿನಲ್ಲಿ ನೋಡಬೇಕು. ಎರಡೂ ಕಡೆ ರೋಬಸ್ಟಾ ಗಿಡಗಳು ತಲೆಗಿಂತ ಎತ್ತರ. ಅವುಗಳ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ, ಹಲಸು, ಬೈನೆ. ಐವತ್ತು ಹೆಜ್ಜೆಗೊಂದು ತಿರುವು. ಗಿಡದ ಸಾಲಿನಾಚೆ ನೆರಳಿನ ಬಣ್ಣದಲ್ಲೇ ನಿಂತ ಸಲಗ ಕಣ್ಣಿಗೆ ಬೀಳುವುದಿಲ್ಲ, ಕಿವಿಗೂ ಬೀಳುವುದಿಲ್ಲ. ಆನೆಯ ಪಾದದ ಒಳಗೆ ಕೊಬ್ಬು ಮತ್ತು ನಾರಿನ ದಪ್ಪ ಮೆತ್ತೆಯಿದೆ. ಟನ್‌ಗಟ್ಟಲೆ ಭಾರ ಬಿದ್ದಾಗ ಅದು ಅಗಲವಾಗಿ ಹರಡಿ ಸದ್ದನ್ನು ನುಂಗುತ್ತದೆ. ಒದ್ದೆ ತರಗೆಲೆಯ ಮೇಲೆ ಇಡೀ ಹಿಂಡೇ ಸದ್ದಿಲ್ಲದೆ ದಾಟಿಹೋಗಬಲ್ಲದು.

ಅವು ತಮ್ಮೊಳಗೆ ಮಾತಾಡಿಕೊಂಡರಾದರೂ ಕೇಳಬೇಕಲ್ಲ ಎಂದರೆ, ಅದೂ ಇಲ್ಲ. ಇದನ್ನು ಕಂಡುಹಿಡಿದ ಕಥೆ ಸೊಗಸಾಗಿದೆ. ತಿಮಿಂಗಿಲಗಳ ಹಾಡನ್ನು ಅಧ್ಯಯನ ಮಾಡಿ ಹೆಸರಾಗಿದ್ದ ಕೇಟಿ ಪೇಯ್ನ್ 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯಕ್ಕೆ ಹೋಗಿ ಆನೆಗಳ ಬಳಿ ಕೂತಿದ್ದರು. ಸದ್ದೇನೂ ಕೇಳಿಸುತ್ತಿರಲಿಲ್ಲ, ಆದರೂ ಗಾಳಿಯಲ್ಲಿ ಏನೋ ಮಿಡಿತ. ಚಿಕ್ಕಂದಿನಲ್ಲಿ ಚರ್ಚಿನ ಗಾಯನತಂಡದಲ್ಲಿ ಆರ್ಗನ್ ವಾದ್ಯದ ಅತಿ ದೊಡ್ಡ ಕೊಳವೆಯ ಪಕ್ಕ ನಿಂತಾಗ ಆಗುತ್ತಿದ್ದ ಅನುಭವ ಅವರಿಗೆ ನೆನಪಾಯಿತು: ಸ್ವರ ತಗ್ಗುತ್ತಾ ಹೋಗಿ ಕಿವಿಗೆ ಸಿಗದಂತಾದ ಮೇಲೂ ಮೈ ನಡುಗುತ್ತಿತ್ತು. ಮುಂದೆ ಇಬ್ಬರು ಸಂಗಡಿಗರೊಡನೆ ಮತ್ತೆ ಹೋಗಿ ಧ್ವನಿಮುದ್ರಿಸಿಕೊಂಡು ಟೇಪನ್ನು ವೇಗವಾಗಿ ಓಡಿಸಿದಾಗ, ನಿಶ್ಶಬ್ದ ಎಂದುಕೊಂಡಿದ್ದ ಕಡೆ ಕರೆಗಳು ಕೇಳಿಸಿದವು. ಆ ಹೊತ್ತಿಗೆ ಆನೆಯ ಹಣೆಯ ಚರ್ಮ ಅದುರುತ್ತಿದ್ದುದೂ ದಾಖಲಾಯಿತು. 1986ರಲ್ಲಿ ಅವರು ಪ್ರಕಟಿಸಿದಂತೆ ಆ ಕರೆಗಳ ಆವರ್ತಾಂಕ 14ರಿಂದ 24 ಹರ್ಟ್ಸ್. ನಮ್ಮ ಕಿವಿ ಹಿಡಿಯುವುದು ಸುಮಾರು 20ರಿಂದ ಮೇಲೆ. ಗುಡ್ಡದ ಆಚೆಗಿರುವ ಆನೆಗೆ ತಲುಪುವ ಕರೆ, ಗಿಡದ ಆಚೆಗಿರುವ ಕೂಲಿಯವರಿಗೆ ತಲುಪುವುದಿಲ್ಲ.

ಆನೆಯ ಕಡೆಯಿಂದಲೂ ನೋಡಬೇಕು. ಅದಕ್ಕೆ ವಾಸನೆ ಹಿಡಿಯುವ ಶಕ್ತಿ ಅಪಾರ, ಕಣ್ಣು ಮಾತ್ರ ಮಂದ. ಗಾಳಿ ಮನುಷ್ಯನ ಕಡೆಯಿಂದ ಬೀಸಿದರೆ ಅದು ಮೊದಲೇ ಸರಿದುಹೋಗುವುದುಂಟು. ಗಾಳಿ ತಿರುಗಿದ್ದರೆ ಅದಕ್ಕೂ ನಾವು ಹಠಾತ್ತನೆ ಎದುರಾದಂತೆ. ಮರಿಯಿರುವ ಹಿಂಡು ಅಥವಾ ಮದವೇರಿದ ಸಲಗವಾದರೆ ಆ ಬೆಚ್ಚಿಬೀಳುವಿಕೆಯೇ ದಾಳಿಯಾಗುತ್ತದೆ. ನಾವು ‘ಪುಂಡಾನೆ’ ಎಂದು ಹೆಸರಿಟ್ಟು ಆನೆಯ ಸ್ವಭಾವಕ್ಕೆ ಕಟ್ಟುವ ಎಷ್ಟೋ ಪ್ರಕರಣಗಳಲ್ಲಿ ನಿಜವಾದ ಕಾರಣ ಆ ತಿರುವು, ಆ ಹೊತ್ತು, ಆ ಮಂಜು ಎಂದೇ ನನ್ನ ವಾದ. ನಗರಗಳ ಅಪರಾಧದ ಅಧ್ಯಯನದಲ್ಲೂ ಇಂಥದೇ ತಿರುವು ಬಂದಿತ್ತು. ಲಾರೆನ್ಸ್ ಶೆರ್ಮನ್ 1989ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಮಿನಿಯಾಪೊಲಿಸ್ ನಗರದಿಂದ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ವಿಂಗಡಿಸಿದಾಗ, ಅರ್ಧದಷ್ಟು ಕರೆಗಳು ಬರೀ ಶೇಕಡಾ 3ರಷ್ಟು ಜಾಗಗಳಿಂದ ಬಂದಿದ್ದವು. ಕೆಟ್ಟವರು ಯಾರು ಎನ್ನುವುದರ ಜೊತೆಗೆ, ಅಪಾಯ ಎಲ್ಲಿ, ಯಾವಾಗ ಎಂದು ಕೇಳುವುದನ್ನು ಆ ಲೆಕ್ಕ ಕಲಿಸಿತು.

ಆನೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ತಮಿಳುನಾಡಿನ ವಾಲ್ಪಾರೈ ಚಹಾತೋಟಗಳಲ್ಲಿ ಕೆಲಸ ಮಾಡಿದ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ತಂಡ. ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ ಎಂದು ಅವರು ಕಂಡುಕೊಂಡರು. ಉಪಾಯ ಸರಳವಾಗಿತ್ತು: ಸಂಜೆ ಸ್ಥಳೀಯ ಕೇಬಲ್ ಟಿವಿಯಲ್ಲಿ ಸುದ್ದಿಪಟ್ಟಿ, ಮೊಬೈಲಿಗೆ ಸಂದೇಶ, ಆಯಕಟ್ಟಿನ ಜಾಗಗಳಲ್ಲಿ ಫೋನಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪ. ವರ್ಷಕ್ಕೆ ಸರಾಸರಿ ಮೂರರಷ್ಟಿದ್ದ ಸಾವು ಒಂದರ ಆಸುಪಾಸಿಗೆ ಇಳಿಯಿತು. ಈ ಕೆಲಸಕ್ಕೆ 2015ರಲ್ಲಿ ಆನಂದ ಕುಮಾರ್ ಅವರಿಗೆ ವಿಟ್ಲಿ ಪ್ರಶಸ್ತಿ ಬಂತು. ಅದೇ ಸಂಸ್ಥೆ ಅರಣ್ಯ ಇಲಾಖೆಯೊಡನೆ ಸೇರಿ ಹಾಸನದಲ್ಲೂ ಈ ಕ್ರಮ ತಂದಿತು. ಬೀಟಮ್ಮ, ಭುವನೇಶ್ವರಿ ಎಂದು ಜನ ಗುರುತಿಸುವ ಹಿಂಡುಗಳಿಗೆ ರೇಡಿಯೋ ಕಾಲರ್, ಇಲಾಖೆಯ ಕಾರ್ಯಪಡೆಯವರ ಗಸ್ತು, ವಾಟ್ಸ್‌ಆ್ಯಪ್ ಸಂದೇಶ, ರಸ್ತೆಬದಿಯ ಎಲ್‌ಇಡಿ ಫಲಕ ಇವೆಲ್ಲ ಅದರ ಅಂಗಗಳು.

‘ಸಂದೇಶ ಯಾರಿಗೆ ಬೇಕು, ಆನೆಗಳನ್ನೇ ಹಿಡಿದು ಸಾಗಿಸಿ’ ಎಂಬ ಬೆಳೆಗಾರರ ಸಿಟ್ಟನ್ನು ತಳ್ಳಿಹಾಕುವಂತಿಲ್ಲ. ಗದ್ದೆಯ ಭತ್ತ, ತೋಟದ ಗಿಡ ಎರಡನ್ನೂ ಕಳೆದುಕೊಂಡವರ ಮಾತದು. ಆದರೆ ಅದನ್ನು ಮಾಡಿ ನೋಡಿಯಾಗಿದೆ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ರಾಜ್ಯದ ಆನೆ ಪ್ರದೇಶವನ್ನು ಸಂರಕ್ಷಣೆ, ಸಹಬಾಳ್ವೆ, ತೆರವು ಎಂದು ವಿಂಗಡಿಸಿತು; ಆಲೂರಿನ ಭಾಗ ತೆರವಿನ ಪಟ್ಟಿಗೆ ಸೇರಿತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿಯಲಾಯಿತು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು: ನೀರು, ಬೈನೆ, ಹಲಸು, ಭತ್ತ ಎಲ್ಲ ಅಲ್ಲೇ ಇದ್ದವಲ್ಲ. ಹಿಡಿಯುವ, ಕಾಲರ್ ಹಾಕುವ ಕೆಲಸವೂ ಸುಲಭದ್ದಲ್ಲ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಇಂಥ ಕಾರ್ಯಾಚರಣೆಯಲ್ಲೇ ಕಾಡಾನೆಯೊಡನೆ ಕಾದಾಡಿ ಸತ್ತ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎಚ್ಚರ ವಹಿಸುವ ಹೊಣೆಯನ್ನು ನಡೆಯುವವರ ತಲೆಗೇ ಕಟ್ಟಿದರೆ ಹೇಗೆ? ಬೆಳಿಗ್ಗೆ ಹಾಜರಿಗೆ ಹೋಗಲೇಬೇಕಾದ ಹೆಂಗಸಿಗೆ ‘ದಾರಿಯಲ್ಲಿ ಆನೆ ಇದೆ’ ಎಂಬ ಸಂದೇಶ ಬಂದರೆ ಅವಳು ಏನು ಮಾಡಬೇಕು? ಆ ದಿನದ ಕೂಲಿ ಬಿಡಬೇಕೇ? ಇದನ್ನು ಒಪ್ಪಲೇಬೇಕು. ಸಂದೇಶಕ್ಕೆ ಬೆಲೆ ಬರುವುದು ಅದನ್ನು ಕೇಳಿ ನಡೆಯಲು ಅನುಕೂಲವಿದ್ದಾಗ. ಎಚ್ಚರಿಕೆ ಬಂದ ದಿನ ಹಾಜರಿ ತಡವಾದರೂ ಪೂರ್ತಿ ಕೂಲಿ, ಕೂಲಿಯವರ ಲೈನ್ ಮನೆಯಿಂದ ತೋಟದವರೆಗೆ ಜೀಪು, ತಿರುವುಗಳಲ್ಲಿ ದಾರಿಯಂಚಿನ ನಾಲ್ಕಾರು ಸಾಲು ಗಿಡ ತಗ್ಗಿಸುವುದು, ಶಾಲೆಯ ಮಕ್ಕಳಿಗೆ ಬಸ್ಸು. ಕೃತಕ ಬುದ್ಧಿಮತ್ತೆಯ ಕ್ಯಾಮೆರಾ, ಡ್ರೋನು ಎಂದು ಪತ್ರಿಕೆಗಳಲ್ಲಿ ಬರುವ ಉತ್ಸಾಹದ ಮುಂದೆ ಇವು ಸಪ್ಪೆಯಾಗಿ ಕಾಣಬಹುದು. ಆದರೆ ಕ್ಯಾಮೆರಾ ಆನೆಯನ್ನು ಕಂಡರೂ ಅವಳು ನಡೆದೇ ಹೋಗಬೇಕಾದರೆ ಅದು ಕಂಡು ಏನು ಬಂತು?

ಈಗಿನ ವ್ಯವಸ್ಥೆಯಲ್ಲಿ ತುರ್ತಾಗಿ ತುಂಬಬೇಕಾದ ಬಿರುಕುಗಳು ಎರಡು. ಕಾಲರ್ ಇರುವುದು ಹೆಚ್ಚಾಗಿ ಹಿಂಡಿನ ಹೆಣ್ಣಾನೆಗೆ. ಒಂಟಿಯಾಗಿ ಅಲೆಯುವ ಸಲಗಗಳ ಮೇಲೆ ಕಣ್ಣಿಡುವುದು ಬಹುಪಾಲು ಗಸ್ತಿನವರ ಕಾಲುನಡಿಗೆಯ ಕೆಲಸ. ಆ ತಂಡಗಳಲ್ಲಿ ಜನ ಹೆಚ್ಚಬೇಕು. ಎರಡನೆಯದು ಭಾಷೆ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದಲೂ ಕೂಲಿಯವರು ಬರುತ್ತಾರೆ. ಕನ್ನಡದಲ್ಲಿ ಬರೆದ ಸಂದೇಶ ಅವರ ಫೋನಿಗೆ ಬಂದರೂ ಓದಲಾಗದು. ಅವರವರ ಭಾಷೆಯಲ್ಲಿ ಧ್ವನಿಮುದ್ರಿಸಿದ ಕರೆ, ಬೆಳಿಗ್ಗೆ ಲೈನ್ ಮನೆಯ ಬಾಗಿಲು ತೆರೆಯುವ ಮೊದಲೇ, ಅವರಿಗೆ ತಲುಪಬೇಕು.