ಒಂದೇ ಸೆಟ್ಟಿಂಗಿನ ಲೆಕ್ಕ

ಗಾವಡಗೆರೆ ಸುತ್ತಿನ ಪಂಪ್‌ಸೆಟ್ಟು, ಟ್ರ್ಯಾಕ್ಟರುಗಳಿಗೆ ಬೇಕಾದ ಬುಷ್, ಪಿನ್ನುಗಳನ್ನು ಮಾಡಿಕೊಡುವುದು ಹುಣಸೂರು, ಕೆ.ಆರ್. ನಗರದಂಥ ಊರುಗಳ ಲೇತ್ ಅಂಗಡಿಗಳು. ಬೆರಳುಗಾತ್ರದ ಜಾಬ್ ಓರೆಯಾದರೆ ದೂರು ಬೀಳುವುದು ಜಾಬನ್ನು ಮೂರು ಹಲ್ಲುಗಳಿಂದ ಹಿಡಿಯುವ ಥ್ರೀ ಜಾ ಚಕ್ಕಿನ ಮೇಲೆ. ದೂರು ಪೂರಾ ಸುಳ್ಳಲ್ಲ. ಕೀ ತಿರುಗಿಸಿದರೆ ಚಕ್ಕಿನೊಳಗಿನ ಸುರುಳಿ ಮೂರೂ ಜಾ ಒಟ್ಟಿಗೆ ಸರಿಸುತ್ತದೆ. ಅದು ಸವೆದಂತೆ ಜಾಬ್ ನಡು ತಪ್ಪುತ್ತದೆ. ಒಳ್ಳೆಯ ಚಕ್ಕಿನಲ್ಲೂ ಡಯಲ್ ಗೇಜಿನ ಮುಳ್ಳು 0.05 ಮಿ.ಮೀ. ಆಸುಪಾಸು ಆಡುವುದುಂಟು. ಆದರೂ ಕರಾರುವಾಕ್ಕಾದ ಕೆಲಸ ಚಕ್ಕಿನ ಬೆಲೆಗಿಂತ ಹೆಚ್ಚಾಗಿ ಕೆಲಸದ ಕ್ರಮವನ್ನು ನೆಚ್ಚಿಕೊಂಡಿದೆ ಎನ್ನಬೇಕು. ಮುಳ್ಳು 0.06 ಆಡಿತೆಂದರೆ ಜಾಬಿಗೆಂದು ಚಕ್ಕಿನಲ್ಲಿ ಹಿಡಿದ ಕಂಬಿಯ ನಡು 0.03 ಸರಿದಿದೆ. ಸರಿದಿರಲಿ. ಹೊರಮೈ, ತೂತು, ಫೇಸಿಂಗ್ ಮೂರನ್ನೂ ಕಂಬಿ ಬಿಚ್ಚದೆ ಒಂದೇ ಸೆಟ್ಟಿಂಗಿನಲ್ಲಿ ಮುಗಿಸಿ ಕಡೆಗೆ ಕತ್ತರಿಸಿಕೊಂಡರೆ ಅವೆಲ್ಲ ಚಕ್ಕನ್ನು ತಿರುಗಿಸುವ ಸ್ಪಿಂಡಲ್ಲಿನ ನಡುವಿಗೇ ಹೊಂದಿರುತ್ತವೆ; ಚಕ್ಕಿನ ತಪ್ಪು ಚಿಪ್ಸ್ ಜೊತೆ ಉದುರಿಹೋಗಿರುತ್ತದೆ.

ಕತ್ತರಿಸಿದ ಮೇಲೆ ಹಿಂಬದಿಗೂ ಕೆಲಸವಿದೆಯಲ್ಲ, ರಿಪೇರಿಗೆ ಬರುವ ಪಿನ್ನಿನ ಮೈ ಮೊದಲೇ ಮುಗಿದಿರುತ್ತದಲ್ಲ ಎಂದು ಟರ್ನರ್ ಕೇಳಿದರೆ ಅದು ನ್ಯಾಯವೇ. ತಿರುಗಿಸಿ ಹಿಡಿದ ಕೂಡಲೇ ಹಿಡಿತದ ಗುಣ ಮುಖ್ಯವಾಗುತ್ತದೆ. ಒಂದೆರಡು ಜಾಬ್ ಆದರೆ ಫೋರ್ ಜಾ ಚಕ್ಕಿನಲ್ಲಿ ಒಂದೊಂದೇ ಜಾ ಸರಿಸಿ, ಗೇಜ್ ನೋಡುತ್ತ 0.01ರೊಳಗೆ ತರಬಹುದು, ಐವತ್ತು ಇದ್ದರೆ ಅಷ್ಟು ಹೊತ್ತು ಯಾರಿಗಿದೆ? ಆಗ ಕಾಲೆಟ್ ಬೇಕು. ಸೀಳುಗಳಿರುವ ಈ ಉಕ್ಕಿನ ತೋಳು ಜಾಬನ್ನು ಸುತ್ತಲೂ ಅಪ್ಪುತ್ತದೆ, ಕಲೆಯೂ ಬೀಳದು. ಕೈಗಡಿಯಾರವನ್ನೇ ನೋಡಿ: ಅದರ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಸುಮಾರು 0.1 ಮಿ.ಮೀ. ದಪ್ಪ, ಥ್ರೀ ಜಾ ಚಕ್ಕಿನ ಆಟವೇ ಅದರ ಅರ್ಧ! ಅಂಥಲ್ಲಿ ಕಾಲೆಟ್ ಬಿಟ್ಟರೆ ಗತಿಯಿಲ್ಲ.

ಪಂಪಿನ ಬುಷ್ಷಿಗೆ ಅಷ್ಟು ಯಾಕೆ, ಖರ್ಚು ಯಾರು ಕೊಡುತ್ತಾರೆ ಎಂಬ ಆಕ್ಷೇಪಕ್ಕೂ ತೂಕವಿದೆ. ಇಆರ್ ಎಂಬ ಬಗೆಯ ಕಾಲೆಟ್ ಒಂದೊಂದೂ ಸಾಮಾನ್ಯವಾಗಿ 1 ಮಿ.ಮೀ. ವ್ಯತ್ಯಾಸವನ್ನಷ್ಟೇ ತಾಳುವುದರಿಂದ ಸೆಟ್ಟನ್ನೇ ಕೊಳ್ಳಬೇಕು. ಗಿಡ್ಡ ಜಾಬ್ ಅದರಲ್ಲಿ ವಾಲುವುದೂ ಉಂಟು. ಅಗ್ಗದ ದಾರಿ ಸಾಫ್ಟ್ ಜಾ. ಮೆತ್ತನೆ ಉಕ್ಕಿನ ಜಾ ಹಾಕಿ, ಒಂದು ಬಳೆಯ ಮೇಲೆ ಬಿಗಿದು, ಅದೇ ಲೇತಿನಲ್ಲಿ ಜಾಬಿನ ಅಳತೆಗೆ ಬೋರಿಂಗ್ ಮಾಡಿದರೆ ಆ ಅಳತೆಯ ಮಟ್ಟಿಗೆ ಹಳೆ ಚಕ್ಕೂ ನೆಟ್ಟಗೆ ಹಿಡಿಯುತ್ತದೆ. ತೆಳು ಬುಷ್ಷಿಗಂತೂ ಇದೇ ಮೇಲು: ಮೂರು ಕಡೆ ಮಾತ್ರ ಒತ್ತಿ ತೂತು ಕೊರೆದರೆ ಚಕ್ಕಿನಲ್ಲಿರುವಾಗ ದುಂಡಗಿದ್ದದ್ದು ಬಿಚ್ಚಿದ ಮೇಲೆ ಮುಮ್ಮೂಲೆಯಾಗುತ್ತದೆ. ಒಂದು ಜಾ ಕೆಳಗೆ ಕಾಗದ ತುರುಕುವ ಉಪಾಯವೂ ಚಾಲ್ತಿಯಲ್ಲಿದೆ. ತಪ್ಪೇನಿಲ್ಲ, ಆದರೆ ಜಾಬಿನ ದಪ್ಪ ಬದಲಾದರೆ ಸುರುಳಿಯ ಬೇರೆ ಭಾಗ ಕೆಲಸಕ್ಕೆ ಬರುತ್ತದೆ. ಆಗ ಮತ್ತೆ ಗೇಜ್ ಇಟ್ಟು ನೋಡಬೇಕು.