ಕಲಿಯದವರೂ ಕೂಡಬಹುದಾದ ನಾದಗೋಷ್ಠಿ



ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿರುವ ಭಕ್ತ ಕುಟುಂಬಗಳಿಂದ ನಮಗೆ ಆಗಾಗ ಒಂದು ಪ್ರಶ್ನೆ ಬರುತ್ತದೆ. ತಾವಿರುವ ಊರಿನ ಸಮುದಾಯ ಭವನದಲ್ಲಿ ಕೆಲವರು ಕೂಡಿ, ಯಾವ ಪೂರ್ವಸಿದ್ಧತೆಯೂ ಇಲ್ಲದೆ ‘ಆಂಬಿಯೆಂಟ್’ ಎಂಬ ಬಗೆಯ ಸಂಗೀತವನ್ನು ನುಡಿಸುತ್ತಾರೆ. ಸಂಗೀತ ಬಾರದವರೂ ವಿಕಲಚೇತನರೂ ಬರಬಹುದೆನ್ನುತ್ತಾರೆ. ಮಾತು ಬಾರದ ಮಗನನ್ನೋ, ಪಾರ್ಶ್ವವಾಯುವಿನಿಂದ ಒಂದು ಕೈ ಸ್ವಾಧೀನ ತಪ್ಪಿದ ತಂದೆಯನ್ನೋ ಅಲ್ಲಿಗೆ ಕರೆದೊಯ್ಯಬಹುದೇ, ಅಥವಾ ನಾಲ್ಕು ಜನರ ನಡುವೆ ಅವರನ್ನು ನಗೆಪಾಟಲಿಗೆ ಈಡುಮಾಡಿದಂತಾದೀತೇ ಎಂಬುದು ಆ ಪ್ರಶ್ನೆಯ ತಿರುಳು. ಈ ಅಂಜಿಕೆ ಸಹಜವಾದುದು. ಆದುದರಿಂದ ಈ ಸಂಗೀತದ ಬಗೆಯನ್ನು ತುಸು ವಿವರವಾಗಿ ತಿಳಿಸಲು ಇಚ್ಛಿಸುತ್ತೇವೆ.

‘ಆಂಬಿಯೆಂಟ್’ ಎಂದರೆ ಸುತ್ತಲೂ ಆವರಿಸಿರುವುದು. ಇಂಗ್ಲೆಂಡಿನ ಬ್ರಯಾನ್ ಈನೋ ಎಂಬ ಸಂಗೀತಗಾರರು 1978ರಲ್ಲಿ ವಿಮಾನ ನಿಲ್ದಾಣಗಳಿಗಾಗಿ ರಚಿಸಿದ ತಮ್ಮ ಧ್ವನಿಮುದ್ರಿಕೆಗೆ ಈ ಹೆಸರನ್ನು ಬಳಸಿದ ಮೇಲೆ ಅದು ರೂಢಿಗೆ ಬಂದಿತು. ಅದರ ಹಿಂದಿನ ಪ್ರಸಂಗ ನೆನೆಯತಕ್ಕದ್ದು. 1975ರಲ್ಲಿ ಅವರು ಅಪಘಾತದಿಂದ ಗಾಯಗೊಂಡು ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿಯೊಬ್ಬರು ಹಾರ್ಪ್ ವಾದ್ಯದ ಧ್ವನಿಮುದ್ರಿಕೆಯನ್ನು ತಂದಿದ್ದರು. ಅದನ್ನು ಹಾಕಿ ಮಲಗಿದಾಗ ಸದ್ದು ತೀರ ಕಡಿಮೆಯಿತ್ತು, ಒಂದು ಕಡೆಯ ಧ್ವನಿಯಂತೂ ಬರುತ್ತಲೇ ಇರಲಿಲ್ಲ. ಎದ್ದು ಸರಿಪಡಿಸಲು ಮೈಯಲ್ಲಿ ಶಕ್ತಿ ಇರಲಿಲ್ಲ. ಹಾಗೆಯೇ ಕೇಳುತ್ತ ಮಲಗಿದ್ದಾಗ ಹೊರಗಿನ ಮಳೆಯ ಸದ್ದು, ಕೋಣೆಯ ಬೆಳಕು, ಅರೆಬರೆ ಕೇಳುವ ಆ ತಂತಿಯ ನಾದ ಎಲ್ಲವೂ ಒಂದೇ ಆವರಣವಾಗಿ ಅವರಿಗೆ ತೋರಿತು. ಏಳಲಾಗದೆ ಮಲಗಿದ್ದ ಮನುಷ್ಯನ ಕಿವಿಯಿಂದ ಹುಟ್ಟಿದ ಆಲೋಚನೆ ಇದೆಂಬುದು ನಮಗೆ ಅರ್ಥಪೂರ್ಣವಾಗಿ ಕಾಣುತ್ತದೆ.

ನಮ್ಮವರಿಗೆ ಇದು ತೀರ ಅಪರಿಚಿತವೇನೂ ಅಲ್ಲ. ಗಾಯನ ಆರಂಭವಾಗುವ ಮೊದಲು ತಂಬೂರಿಯೊಂದೇ ಮೀಟುತ್ತಿರುವಾಗ ಸಭೆ ತಾನಾಗಿ ಸುಮ್ಮನಾಗುತ್ತದೆ. ಅಲ್ಲಿ ಹಾಡಿಲ್ಲ, ತಾಳವಿಲ್ಲ. ಆದರೂ ಕೇಳುತ್ತ ಕುಳಿತಿರಬಹುದು. ಎರಡರ ಹಿನ್ನೆಲೆಯೂ ಬೇರೆ. ಹೋಲಿಕೆ ಅರಿವಿಗಾಗಿ ಮಾತ್ರ. ಇನ್ನು ‘ಪೂರ್ವಸಿದ್ಧತೆಯಿಲ್ಲದೆ’ ಎಂಬುದಕ್ಕೆ ಆಶುಕವಿತೆಯಂತೆ ಆಶುಸಂಗೀತ ಎನ್ನಬಹುದು.

ಕಲಿತವರೂ ಕಲಿಯದವರೂ ಒಟ್ಟಿಗೆ ನುಡಿಸುವ ಪ್ರಯತ್ನಗಳು ಅಲ್ಲಿ ಹಳೆಯವು. 1969ರಲ್ಲಿ ಲಂಡನ್ನಿನಲ್ಲಿ ಕಾರ್ನೀಲಿಯಸ್ ಕಾರ್ಡ್ಯೂ ಮತ್ತು ಸಂಗಡಿಗರು ಆರಂಭಿಸಿದ ‘ಸ್ಕ್ರ್ಯಾಚ್ ಆರ್ಕೆಸ್ಟ್ರಾ’ ಅಂತಹುದು. ಆದರೆ ಇಂದಿನ ಗೋಷ್ಠಿಗಳಿಗೆ ಹೆಚ್ಚು ಒದಗುವುದು ಜಾನ್ ಸ್ಟೀವನ್ಸ್ ಎಂಬ ಡ್ರಮ್ ವಾದಕರು ರೂಪಿಸಿದ ಅಭ್ಯಾಸಗಳೆಂದು ನಮ್ಮ ಅಭಿಪ್ರಾಯ. 1985ರಲ್ಲಿ ಅವು ‘ಸರ್ಚ್ ಅಂಡ್ ರಿಫ್ಲೆಕ್ಟ್’ ಎಂಬ ಪುಸ್ತಕವಾಗಿ ಬಂದವು. ಅದರಲ್ಲಿನ ಒಂದು ಅಭ್ಯಾಸ ಹೀಗಿದೆ: ಎಲ್ಲರೂ ಉಸಿರು ತುಂಬಿಕೊಂಡು, ತಮಗೆ ಒಗ್ಗುವ ಒಂದೇ ಸ್ವರವನ್ನು ಆ ಉಸಿರು ಮುಗಿಯುವವರೆಗೆ ಹಿಡಿಯಬೇಕು. ಮತ್ತೆ ಉಸಿರೆಳೆದುಕೊಂಡು ಮತ್ತೊಮ್ಮೆ ಹಿಡಿಯಬೇಕು. ಒಬ್ಬರ ಉಸಿರು ದೀರ್ಘ, ಇನ್ನೊಬ್ಬರದು ಗಿಡ್ಡ. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ಸ್ವರಗಳು ಒಂದರ ಮೇಲೊಂದು ಬಂದು, ಕರಗಿ, ಕೋಣೆ ತುಂಬುತ್ತದೆ. ಇನ್ನೊಂದು ಅಭ್ಯಾಸದಲ್ಲಿ ಪ್ರತಿಯೊಬ್ಬರೂ ತಮ್ಮಿಂದಾದಷ್ಟು ಚಿಕ್ಕ ಸದ್ದನ್ನು, ಒಂದು ಚಿಟಿಕೆಯಷ್ಟನ್ನು, ಮಾಡಬೇಕು. ಇವೆರಡನ್ನು ಮಾಡಲು ಬಾರದವರು ವಿರಳ.

ಇಲ್ಲಿಯೇ ನಮ್ಮ ಭಕ್ತರ ಪ್ರಶ್ನೆಗೆ ಉತ್ತರವಿದೆ. ತಾಳದ ಸಂಗೀತದಲ್ಲಿ ಕೈ ನಿಧಾನವಾದವನು ಪ್ರತಿ ಬಾರಿಯೂ ಹಿಂದೆ ಬೀಳುತ್ತಾನೆ. ಭಜನೆಯಲ್ಲಿ ತಾಳ ತಪ್ಪಿದರೆ ಎಲ್ಲರ ಮುಖ ಅತ್ತ ತಿರುಗುತ್ತದೆ. ಹೊಂದಿಕೊಳ್ಳಬೇಕಾದ ತಾಳವೇ ಇಲ್ಲದಲ್ಲಿ ತಡವಾದವನು ಎಂಬುವನೇ ಇರುವುದಿಲ್ಲ. ನಡುಗುವ ಕೈಯಿಂದ ಬಂದ ಸ್ವರಕ್ಕೂ ಗಟ್ಟಿ ಕೈಯ ಸ್ವರಕ್ಕೂ ಅಲ್ಲಿ ಒಂದೇ ಬೆಲೆ. ಅಮೆರಿಕದ ಪಾಲಿನ್ ಒಲಿವೆರೋಸ್ (1932–2016) ಮತ್ತು ಇಬ್ಬರು ಸಂಗಡಿಗರು 1988ರಲ್ಲಿ ವಾಷಿಂಗ್ಟನ್ ರಾಜ್ಯದ ಫೋರ್ಟ್ ವರ್ಡನ್‌ನಲ್ಲಿ, ನೆಲದಡಿಯ ಬರಿದಾದ ನೀರಿನ ತೊಟ್ಟಿಯೊಳಗೆ ಇಳಿದು ನುಡಿಸಿದರು. ಅಲ್ಲಿ ಒಂದು ಸದ್ದಿನ ಮಾರ್ದನಿ ಸುಮಾರು 45 ಸೆಕೆಂಡುಗಳವರೆಗೆ ಉಳಿಯುತ್ತಿತ್ತು. ಇಂತಹ ಜಾಗದಲ್ಲಿ ಅವಸರಪಟ್ಟವರ ನುಡಿಸಾಣಿಕೆ ಗೊಂದಲವಾಗುತ್ತದೆ. ಕಾಯಬಲ್ಲವರದು ಮಾತ್ರ ನಿಲ್ಲುತ್ತದೆ.

ಅದೇ ಒಲಿವೆರೋಸ್ ಅವರು 2007ರ ಸುಮಾರಿಗೆ ಇತರರೊಡಗೂಡಿ ವಾದ್ಯ ಹಿಡಿಯಲಾರದವರಿಗಾಗಿ ಒಂದು ತಂತ್ರಾಂಶವನ್ನು ರೂಪಿಸುವ ಕಾರ್ಯ ಕೈಗೊಂಡರು. ಕಂಪ್ಯೂಟರಿನ ಕ್ಯಾಮೆರಾ ವ್ಯಕ್ತಿಯ ಚಲನೆಯನ್ನು ಗುರುತಿಸುತ್ತದೆ. ತಲೆ ತುಸು ವಾಲಿಸಿದರೂ ಸಾಕು, ಸ್ವರ ಹೊಮ್ಮುತ್ತದೆ. ಅದು ಉಚಿತವಾಗಿ ದೊರೆಯುತ್ತದೆ. ವ್ಯಕ್ತಿ ವಾದ್ಯಕ್ಕೆ ಒಗ್ಗುವ ಬದಲು ವಾದ್ಯವೇ ವ್ಯಕ್ತಿಗೆ ಒಗ್ಗಿದೆ.

ಸಾಧನೆಯಿಲ್ಲದ ಸಂಗೀತ ಸಂಗೀತವೇ ಎಂದು ಹಿರಿಯರು ಕೇಳಿಯಾರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ನಾಡು ನಮ್ಮದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ವಿದ್ಯೆ ಎರೆದರು. ಪುಟ್ಟರಾಜ ಗವಾಯಿಗಳು ಹಲವು ವಾದ್ಯಗಳಲ್ಲಿ ಪಾರಂಗತರಾದರು. ಅಲ್ಲಿ ಬಾಗಿಲು ತೆರೆದಿತ್ತು, ಒಳಗಿನ ದಾರಿ ಮಾತ್ರ ವರ್ಷಾನುಗಟ್ಟಲೆಯ ಕಠಿಣ ಸಾಧನೆಯದು. ಖ್ಯಾಲ್ ಕಲಿಯಬಯಸುವವರು ಗುರುವನ್ನೇ ಅರಸಬೇಕು; ಈ ಗೋಷ್ಠಿಗಳಿಂದ ಯಾರೂ ಗವಾಯಿಗಳಾಗುವುದಿಲ್ಲ. ಆದರೆ ಇಲ್ಲಿಯೂ ಒಂದು ಶಿಸ್ತಿದೆ, ಅದು ಕಿವಿಯ ಶಿಸ್ತು. ಚೆನ್ನಾಗಿ ಕಲಿತವರೇ ಇದರಲ್ಲಿ ಹೆಚ್ಚು ಎಡವುತ್ತಾರೆ. ತಮ್ಮ ವಿದ್ಯೆ ತೋರುವ ಆತುರದಲ್ಲಿ ಪಕ್ಕದವರ ಮೆಲುದನಿಯನ್ನು ಮುಳುಗಿಸಿಬಿಡುತ್ತಾರೆ. ಪಕ್ಕದವರು ಕೇಳಿಸದಿದ್ದರೆ ನಾವೇ ಜೋರಾದೆವೆಂದು ತಿಳಿದು ತಗ್ಗಿಸಿಕೊಳ್ಳಬೇಕು.

ಸೇರುವ ಮೊದಲು ನಡೆಸಿಕೊಡುವವರೊಡನೆ ಮಾತನಾಡುವುದು ಒಳಿತು. ಗಾಲಿಕುರ್ಚಿಗೆ ದಾರಿಯಿದೆಯೇ, ಜೊತೆಗೆ ಬಂದವರು ಪಕ್ಕದಲ್ಲಿ ಕೂರಬಹುದೇ ಎಂಬುದನ್ನು ವಿಚಾರಿಸಿರಿ. ಆಟಿಸಂ ಇರುವ ಅನೇಕ ಮಕ್ಕಳಿಗೆ ಹಠಾತ್ ಸದ್ದು ಸಹಿಸದು. ನಡುವೆ ಎದ್ದು ಹೋಗಿ ಮತ್ತೆ ಬರಲು ಅವಕಾಶವಿದೆಯೇ, ಸುಮ್ಮನೆ ಕೂರಲು ಬೇರೆ ಕೋಣೆಯಿದೆಯೇ ಎಂದು ಕೇಳಿರಿ. ಶ್ರವಣ ಸಾಧನ ಧರಿಸುವವರನ್ನು ಸ್ಪೀಕರಿನಿಂದ ದೂರ ಕೂರಿಸಿರಿ. ಎಲ್ಲರಿಗೂ ಮುಕ್ತವೆಂದು ಹೇಳಿಕೊಂಡು ಮೆಟ್ಟಿಲು ಹತ್ತಿಸುವ ಜಾಗಗಳೂ ಇರಬಹುದಾದುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಮೊದಲ ದಿನ ಏನೂ ನುಡಿಸದೆ ಬರಿದೆ ಕೇಳುತ್ತ ಕುಳಿತರೂ ಸಲ್ಲುತ್ತದೆ. ವಾದ್ಯ ಕೊಳ್ಳುವ ಅವಸರ ಬೇಡ. ಮನೆಯಲ್ಲಿರುವ ಗಂಟೆಯೋ, ಕಂಚಿನ ಬಟ್ಟಲೋ, ಶ್ರುತಿಪೆಟ್ಟಿಗೆಯೋ ಸಾಕಾಗುತ್ತದೆ. ಶ್ರುತಿಪೆಟ್ಟಿಗೆ ಒಯ್ಯುವವರು ಅದನ್ನು ಮೆಲ್ಲಗಿಡಿರಿ. ನಿಲ್ಲದೆ ಮೊಳಗುವ ವಾದ್ಯವಾದುದರಿಂದ, ಉಳಿದವರಿಗೆ ಬೇರೆ ಸ್ವರ ಹಿಡಿಯಲು ಎಡೆ ಕೊಟ್ಟು ಆಗಾಗ ನಿಲ್ಲಿಸುವುದೂ ಅಗತ್ಯ.